ಮಗನ ಕೈ ಹಿಡಿದವರಿಗೆ ನಮ್ಮ ಕೃತಜ್ಞತೆಗಳು

ನಮ್ಮ ಮಗ ಈ ವರ್ಷ ಐದನೆಯ ತರಗತಿಯನ್ನು ತನ್ನ ಓರಗೆಯ ಮಕ್ಕಳ ಜೊತೆಯಲ್ಲೇ ಮುಗಿಸಿ ಆರನೆಯದಕ್ಕೆ ಸೇರಿದ್ದಾನೆ. ಪಾಠದ ನಡುವೆ ಎದ್ದು ಓಡುತ್ತಾನೆ, ಪಕ್ಕದವರಿಗೆ ಹೊಡೆಯುತ್ತಾನೆ ಎಂದು ಹಿಂದಿನ ಶಾಲೆಯವರು ಟಿ.ಸಿ. ಒಯ್ಯಲು ಹೇಳಿದ್ದ ದಿನಗಳಲ್ಲಿ ಇದನ್ನು ಊಹಿಸುವ ಧೈರ್ಯವೂ ನಮಗಿರಲಿಲ್ಲ. ಆಗ ಜೊತೆಗೆ ನಿಂತವರನ್ನು ಎಲ್ಲರೆದುರು ನೆನೆಯುವುದು ನಮ್ಮ ಕರ್ತವ್ಯ.

ರಾಜ್ಯ ಸರ್ಕಾರದ ಮಾನಸಿಕ ಆರೋಗ್ಯ ಸೇವೆಯಾದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ನಮ್ಮ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರಿಗೆ ಮೊದಲ ನಮಸ್ಕಾರ. ಇದು ಬರಿಯ ತುಂಟತನವಲ್ಲ, ಸಾಕಿದ ರೀತಿಯ ಫಲವೂ ಅಲ್ಲ, ಎಡಿಎಚ್‌ಡಿ ಎಂಬ, ಗಮನ ನಿಲ್ಲದ ಮತ್ತು ಅತಿಯಾಗಿ ಚಡಪಡಿಸುವ ತೊಂದರೆ ಇರಬಹುದು ಎಂದು ಬಿಡಿಸಿ ಹೇಳಿದ ಅವರು, ಕಣ್ಣು ಮತ್ತು ಕಿವಿಯ ಪರೀಕ್ಷೆ ಮಾಡಿಸಿ, ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗಕ್ಕೆ ಚೀಟಿ ಬರೆದುಕೊಟ್ಟರು.

ಅಲ್ಲಿನ ಆಪ್ತಸಮಾಲೋಚಕಿಯವರ ಋಣ ದೊಡ್ಡದು. ಮಗ ರಚ್ಚೆ ಹಿಡಿದಾಗಲೆಲ್ಲ ಅದಕ್ಕೆ ಮೊದಲು ಏನು ನಡೆಯಿತು, ಅವನು ಏನು ಮಾಡಿದ, ಆಮೇಲೆ ಮನೆಯವರು ಏನು ಮಾಡಿದರು ಎಂಬ ಮೂರನ್ನೂ ಬರೆದಿಡಲು ಅವರು ಒಂದು ಪುಸ್ತಕ ಮಾಡಿಸಿದರು. ಅದನ್ನು ತಿರುವಿ ಹಾಕಿದಾಗ, ಹೊತ್ತುಗೊತ್ತಿಲ್ಲದ್ದೆಂದು ತೋರುತ್ತಿದ್ದ ಸಿಟ್ಟು ಹೆಚ್ಚಾಗಿ ಬರೆಯುವ ಹೋಂವರ್ಕಿನ ವೇಳೆಗೆ ಮತ್ತು ಮೊಬೈಲ್ ತೆಗೆದಿಡುವ ಗಳಿಗೆಗೆ ಏಳುತ್ತಿದ್ದುದು ಕಂಡಿತು. ಹೋಂವರ್ಕನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು, ಒಂದೊಂದು ಮುಗಿದ ಕೂಡಲೇ ಏನು ಚೆನ್ನಾಗಿ ಮಾಡಿದನೆಂದು ಹೆಸರಿಸಿ ಮೆಚ್ಚಬೇಕು, ನಕ್ಷತ್ರ ಅಂಟಿಸಬೇಕು, ಒಮ್ಮೆ ಕೊಟ್ಟ ನಕ್ಷತ್ರವನ್ನು ಸಿಟ್ಟಿನಲ್ಲಿ ಕಿತ್ತುಕೊಳ್ಳಬಾರದು ಎಂದು ಅವರು ತಿಳಿಸಿದರು. ಹಠಕ್ಕೆ ಮಣಿಯುವುದನ್ನು ನಿಲ್ಲಿಸಿದರೆ ಹಠ ಮೊದಲು ಹೆಚ್ಚಾಗಿ ಆಮೇಲೆ ಇಳಿಯುತ್ತದೆ ಎಂದು ಮುಂಚಿತವಾಗಿಯೇ ಎಚ್ಚರಿಸಿದ್ದರು. ಆ ಮಾತು ಇಲ್ಲದಿದ್ದರೆ ಆ ವಾರಗಳನ್ನು ದಾಟುವುದು ನಮಗೆ ಕಷ್ಟವಾಗುತ್ತಿತ್ತು. ಮದ್ದು ಯಾವುದಕ್ಕೆ ನೆರವಾಗುತ್ತದೆ, ಯಾವುದನ್ನು ಮನೆಯಲ್ಲೇ ಕಲಿಸಬೇಕು ಎಂಬುದನ್ನೂ ವೈದ್ಯರು ಅಷ್ಟೇ ತಾಳ್ಮೆಯಿಂದ ವಿವರಿಸಿದರು.

ನಮ್ಮ ಅತ್ತೆಯವರಿಗೆ ಏನು ಹೇಳಲಿ! ಮೊಮ್ಮಗ ಅತ್ತರೆ ಸಹಿಸದ ಜೀವ ಅವರದು. ಸಮಾಲೋಚಕಿ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ‘ಅಜ್ಜಿ, ನಕ್ಷತ್ರದ ಲೆಕ್ಕ ನಿಮ್ಮದು’ ಎಂದು ವಹಿಸಿದರು. ಅಂದಿನಿಂದ ಆ ಲೆಕ್ಕವನ್ನು ಅವರು ವ್ರತದಂತೆ ನಡೆಸಿಕೊಂಡು ಬಂದರು. ಮನೆಯ ಹಿರಿಯರು ಹೀಗೆ ಜೊತೆಗೂಡದಿದ್ದರೆ ಆಸ್ಪತ್ರೆಯಲ್ಲಿ ಕಲಿತದ್ದು ಹೊಸ್ತಿಲು ದಾಟುವುದಿಲ್ಲವೆಂದು ನನಗೆ ಅನಿಸುತ್ತದೆ.

ಹೊಸ ಶಾಲೆಯ ತರಗತಿ ಶಿಕ್ಷಕಿಯವರು ಮಗನನ್ನು ಮುಂದಿನ ಬೆಂಚಿಗೆ ಕರೆದರು. ಕೂತಲ್ಲಿ ಕೂರಲಾರದ ಹೊತ್ತಿಗೆ ಸೀಮೆಸುಣ್ಣ ತರಲು, ಹಲಗೆ ಒರೆಸಲು ಹೇಳಿ, ಎದ್ದು ಓಡಾಡಲು ಒಂದು ಗೌರವದ ಕಾರಣ ಕೊಟ್ಟರು. ಮಕ್ಕಳನ್ನು ದಂಡಿಸುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ನಿಷೇಧಿಸಿದೆ. ಆದರೆ ಅವರು ತೋರಿದ ಅಕ್ಕರೆ ಯಾವ ಕಾಯ್ದೆಯೂ ಕೇಳುವಂಥದ್ದಲ್ಲ.

ಅಣ್ಣನಿಗಾಗಿ ತನ್ನ ಪಾಲಿನ ಎಷ್ಟೋ ಸಂಜೆಗಳನ್ನು ಬಿಟ್ಟುಕೊಟ್ಟ ಪುಟ್ಟ ಮಗಳಿಗೂ ನಾವು ಋಣಿಗಳು. ಮಗನ ಸಿಟ್ಟು ಪೂರ್ತಿ ಹೋಗಿಲ್ಲ, ತಪಾಸಣೆಗೆ ಹೋಗಿಬರುವುದೂ ನಿಂತಿಲ್ಲ. ಇಂಥದೇ ಚಿಂತೆಯಲ್ಲಿರುವ ತಂದೆತಾಯಿಯರು ದಯವಿಟ್ಟು ತಡಮಾಡದೆ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಮೊದಲು ಫೋನಿನಲ್ಲಿ ಮಾತನಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಿ, ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.