ಏಕವಚನ

ಚಿ. ಪುಟ್ಟಿಗೆ,

ನಿನ್ನ ತಂದೆಯ ಆಶೀರ್ವಾದಗಳು. ನೀನು ಸಿಂಧನೂರು ತಲುಪಿ ಪ್ರೊಬೇಷನರಿ ತಹಶೀಲ್ದಾರಳಾಗಿ ಕೆಲಸಕ್ಕೆ ಹಾಜರಾದ ಸುದ್ದಿ ನಿನ್ನ ತಾಯಿಯಿಂದ ತಿಳಿಯಿತು. ನನಗೇ ಫೋನ್ ಮಾಡಲಿಲ್ಲವೆಂಬ ಆಕ್ಷೇಪವಿಲ್ಲ. ನೀನು ಬಸ್ಸು ಹತ್ತುವಾಗ ನಾನೂ ಮುಖ ತಿರುಗಿಸಿಕೊಂಡೇ ನಿಂತಿದ್ದೆ.

ಪೌರಕಾರ್ಮಿಕ ಮಹಿಳೆಗೆ ನಾನು ಕಾಗದದ ಕಪ್ಪಿನಲ್ಲಿ ನೀರು ಕೊಟ್ಟು ‘ತಗೋ’ ಎಂದದ್ದು, ಅದರ ನಂತರ ನಡೆದದ್ದು ಇಬ್ಬರಿಗೂ ನೆನಪಿದೆ. ‘ಲೋಟ ಹಾಗಿರಲಿ, ಅವರು ನಿಮಗಿಂತ ಚಿಕ್ಕವರೇ?’ ಎಂದು ನೀನು ಕೇಳಿದೆಯಲ್ಲ, ಉಳಿದದ್ದು ಅದೊಂದೇ. ಮಾತು ಕಲಿತಂದಿನಿಂದ ನನ್ನನ್ನು ‘ನೀನು’ ಎನ್ನುತ್ತಿದ್ದವಳು ಅಂದು ‘ನೀವು’ ಎಂದೆ. ಅದು ಗೌರವವಲ್ಲವೆಂದು ತಿಳಿಯದಷ್ಟು ದಡ್ಡನಲ್ಲ ಈ ಮೇಷ್ಟ್ರು.

1971ರಲ್ಲಿ ನನಗೆ ಎಂಟು ವರ್ಷ. ಮೈಸೂರಿನ ನಮ್ಮ ಹಳೆಯ ಮನೆಯ ಹಿಂದಿನ ಕನ್ಸರ್ವೆನ್ಸಿ ಗಲ್ಲಿಗೆ, ಕಕ್ಕಸು ಬಳಿಯಲು ಒಬ್ಬ ಅಜ್ಜಿ ಬರುತ್ತಿದ್ದರು (ಮೊದಲು ‘ಬರುತ್ತಿದ್ದಳು’ ಎಂದು ಬರೆದು ಹೊಡೆದುಹಾಕಿದ್ದೇನೆ, ನೋಡು). ಗೋಡೆಯ ಸಂದಿಯಲ್ಲಿ ತಾವೇ ಇಟ್ಟುಕೊಂಡಿದ್ದ ತೆಂಗಿನ ಕರಟವನ್ನು ಅವರು ಎರಡೂ ಕೈಯಲ್ಲಿ ಹಿಡಿದರೆ, ನನ್ನ ಅಮ್ಮ ಮೆಟ್ಟಿಲ ಮೇಲಿನಿಂದಲೇ ಕಾಫಿ ಹೊಯ್ಯುತ್ತಿದ್ದರು. ಎತ್ತರದಿಂದ ಬಿದ್ದ ಕಾಫಿ ಅವರ ಮುಂಗೈಗೆ ಸಿಡಿಯುತ್ತಿತ್ತು. ಅವರು ಕರಟವನ್ನು ಅಲುಗಾಡಿಸುತ್ತಿರಲಿಲ್ಲ. ನಾನು ‘ಏಯ್, ಬೇಗ ಬಾರೇ’ ಎಂದು ಕೂಗಿದರೆ ‘ಬಂದೆ ಬುದ್ಧಿ’ ಎನ್ನುತ್ತಿದ್ದರು. ಎಂಟು ವರ್ಷದವನು ಬುದ್ಧಿ, ಅರವತ್ತು ದಾಟಿದವರು ಬಾರೇ! ಮನೆಯಲ್ಲಿ ಯಾರೂ ನನ್ನನ್ನು ತಿದ್ದಲಿಲ್ಲ. ಮುಂದೆ ದೇವರಾಜ ಅರಸು ಅವರ ಸರ್ಕಾರದಲ್ಲಿ ಸಚಿವರಾಗಿದ್ದ ಬಸವಲಿಂಗಪ್ಪನವರು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು; ನಮ್ಮ ಮನೆಗೂ ಫ್ಲಶ್ ಬಂತು, ಅಜ್ಜಿ ಬರುವುದು ನಿಂತಿತು. ಅವರ ಹೆಸರನ್ನು ನಾವು ಒಮ್ಮೆಯೂ ಕೇಳಿರಲಿಲ್ಲ. ಆ ಕರಟ ಮಾತ್ರ ಬಹಳ ದಿನ ಸಂದಿಯಲ್ಲೇ ಇತ್ತು.

ಅದೇ ನಾನು 31 ವರ್ಷ, ಅಸ್ಪೃಶ್ಯತೆಯನ್ನು ರದ್ದುಪಡಿಸಿದ ಸಂವಿಧಾನದ 17ನೆಯ ವಿಧಿಯನ್ನು ಪಾಠ ಮಾಡಿದೆ. ಹೋಟೆಲಿನಲ್ಲಿ ಪ್ರತ್ಯೇಕ ಲೋಟವಿಟ್ಟರೆ 1955ರ ಕಾಯ್ದೆಯಂತೆ ಶಿಕ್ಷೆಯಾಗುತ್ತದೆಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದೆ. ‘ಬಾರೇ’ ಎಂದವನನ್ನು ಹಿಡಿಯುವ ಪಾಠವೊಂದು ಪುಸ್ತಕದಲ್ಲಿರಲಿಲ್ಲ, ಇದ್ದಿದ್ದರೂ ನನ್ನ ಬಾಯಿಗೆ ಬರುತ್ತಿತ್ತೋ ಇಲ್ಲವೋ.

ಬುದ್ಧಿ ಹೇಳುವ ಅರ್ಹತೆ ನನಗಿಲ್ಲ, ಆದರೂ ಹೇಳುತ್ತೇನೆ. ನೀನು ಹೋಗಿರುವ ಕಡೆ ಒಂದು ‘ರೀ’ಯಲ್ಲಿ ಎಲ್ಲ ಇದೆ. ಶಾಸಕರ ಕಡೆಯವರು ಬಂದಾಗ ಆ ‘ರೀ’ ತಾನಾಗಿಯೇ ಬರುತ್ತದೆ. ಸಂಧ್ಯಾ ಸುರಕ್ಷಾ ಪಿಂಚಣಿ ನಿಂತುಹೋಯಿತೆಂದು ನಾಲ್ಕನೆಯ ಸಲ ಬಂದ ಮುದುಕನಿಗೆ, ಮಧ್ಯಾಹ್ನದ ಸೆಕೆಯಲ್ಲಿ, ಬರುವುದೇ ಎಂದು ನೋಡಿಕೊ. ನಿನ್ನ ಕಚೇರಿಯ ದಲಾಯತ್‌ಗೆ (ಜವಾನನಿಗೆ) ನಿನಗಿಂತ ಇಪ್ಪತ್ತು ವರ್ಷ ಹೆಚ್ಚಾಗಿರಬಹುದು. ಹಿಂದಿನ ಸಾಹೇಬರೆಲ್ಲ ಅವರನ್ನು ಹೇಗೆ ಕರೆದಿದ್ದರೆಂದು ವಿಚಾರಿಸಲು ಹೋಗಬೇಡ. ಬಂದವರನ್ನು ಕೂರಿಸಿ ಮಾತಾಡು. ಇಷ್ಟು ಸಾಕು, ತರಗತಿಯಂತಾಗುತ್ತಿದೆ. ನನ್ನ ಮಗಳು ನನ್ನನ್ನೇ ತಿದ್ದಿದಳೆಂದು ನೆರೆಯವರಿಗೆ ಹೇಳಿಕೊಳ್ಳುವಷ್ಟು ಹೆಮ್ಮೆಯಿದೆ, ಹೇಳಿಕೊಳ್ಳುವ ಧೈರ್ಯ ಇನ್ನೂ ಬಂದಿಲ್ಲ. ನಿನ್ನ ಮೇಲೆ ರೇಗಿದ್ದು ನನ್ನ ತಪ್ಪು.

ಇವತ್ತು ಬೆಳಿಗ್ಗೆ ಆ ಮಹಿಳೆ ಬಂದಾಗ ಸ್ಟೀಲಿನ ಲೋಟದಲ್ಲಿ ನೀರು ಹಿಡಿದು ‘ತಗೊಳ್ಳಿ’ ಎಂದೆ. ಅವರು ಲೋಟವನ್ನೂ ನನ್ನ ಮುಖವನ್ನೂ ನೋಡಿ, ‘ಬ್ಯಾಡ ಸ್ವಾಮಿ, ಆ ಕಪ್ಪಲ್ಲೇ ಕೊಡಿ’ ಎಂದರು. ನಾನು ಲೋಟ ಹಿಡಿದು ನಿಂತೇ ಇದ್ದೆ. ನೀನಾಗಿದ್ದರೆ ಏನು ಹೇಳುತ್ತಿದ್ದೆ? ಬಿಡುವಾದಾಗ ಫೋನ್ ಮಾಡಿ ತಿಳಿಸು.

ಇಂತಿ,
ನಿನ್ನ ಅಪ್ಪ