ಹಳೆಯ ತಂಬೂರಿಗಳ ನಾದ ಅಳೆದಿಡಿ, ಘೋಡಿಯನ್ನು ಮರೆಯಬೇಡಿ

ಮಾನ್ಯರೇ,

ಧಾರವಾಡದಲ್ಲಿ ತಂಬೂರಿ, ಸಿತಾರ್ ರಿಪೇರಿ ಮಾಡುವುದು ನನ್ನ ಕಸುಬು. ಈಚೆಗೆ ನನ್ನ ಅಂಗಡಿಗೆ ರಿಪೇರಿಗೆಂದು ಬರುವ ತಂಬೂರಿಗಳಿಗಿಂತ ‘ಯಾರಾದರೂ ತಗೋತಾರೇನು ನೋಡ್ರಿ’ ಎಂದು ಬರುವವೇ ಹೆಚ್ಚು. ಅಜ್ಜನೋ ಅತ್ತೆಯೋ ಹಾಡುತ್ತಿದ್ದ ಕಾಲದವು. ಈಗ ಹಾಡುವವರು ಫೋನಿನ ತಂಬೂರಿ ಹಚ್ಚಿಕೊಳ್ಳುತ್ತಾರೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಗದಗಿನಿಂದ ಬಸ್ಸಿನಲ್ಲಿ ಪಾಠಕ್ಕೆ ಬರುವ ಹುಡುಗಿ ತಂಬೂರಿಯ ಸೋರೆ ಬುರುಡೆ ಹೊತ್ತು ತಿರುಗಲು ಆದೀತೇ? ಆದರೆ ಎಲ್ಲರ ಫೋನಿನಲ್ಲೂ ಮೊಳಗುವುದು ಅವೇ ಕೆಲವು ತಂಬೂರಿಗಳ ದನಿ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಹಾಡಿದ ಈ ಊರಲ್ಲಿ ಒಂದೊಂದು ಮನೆಯ ತಂಬೂರಿಗೂ ಅದರದೇ ದನಿ ಇದೆ. ಆ ದನಿಗಳನ್ನು ಅಳತೆ ಮಾಡಿ ಉಳಿಸಿಕೊಳ್ಳುವ ಕೆಲಸ ಈಗಲೇ ಆಗಬೇಕು.

ಇಟಲಿಯ ಕ್ರೆಮೊನಾದಲ್ಲಿ 2019ರ ಆರಂಭದಲ್ಲಿ ಇಂಥದೊಂದು ಕೆಲಸ ನಡೆಯಿತು. ಸ್ಟ್ರಾಡಿವರಿ, ಅಮಾತಿ, ಗ್ವಾರ್ನೇರಿ ಮನೆತನದವರು ಕಟ್ಟಿದ ಪಿಟೀಲು ಜಾತಿಯ ಹಳೆಯ ವಾದ್ಯಗಳ ಒಂದೊಂದೇ ಸ್ವರವನ್ನು 32 ಮೈಕುಗಳಿಂದ ಐದು ವಾರ ರೆಕಾರ್ಡ್ ಮಾಡಿದರು. ಸುತ್ತಲಿನ ರಸ್ತೆಗಳಲ್ಲಿ ವಾಹನ ನಿಲ್ಲಿಸಿದರು, ಸದ್ದು ಮಾಡಬೇಡಿರೆಂದು ಮೇಯರ್ ಊರವರನ್ನೇ ಕೇಳಿಕೊಂಡರು.

ಇನ್ನೊಂದು ದಾರಿಯೂ ಇದೆ. ತಂತಿಗಳು ಅಲುಗದಂತೆ ಬಟ್ಟೆ ಸಿಕ್ಕಿಸಿ, ತಂತಿಗಳನ್ನು ಹೊರುವ ಘೋಡಿಯ ಮೇಲೆ ಸಣ್ಣ ಸುತ್ತಿಗೆಯಿಂದ ಒಮ್ಮೆ ತಟ್ಟುವುದು. ಪೆಟ್ಟಿನ ಬಲವನ್ನು ಸುತ್ತಿಗೆಯಲ್ಲಿರುವ ಸೆನ್ಸರ್ ಅಳೆಯುತ್ತದೆ, ಹೊರಬಿದ್ದ ಸದ್ದನ್ನು ಮೈಕು ಹಿಡಿಯುತ್ತದೆ. ಬುರುಡೆಯೂ ಅದರ ಬಾಯಿ ಮುಚ್ಚಿದ ಕಟ್ಟಿಗೆಯ ಹಲಗೆ ತಬಲಿಯೂ ಯಾವ ಕಂಪನವನ್ನು ಎತ್ತಿ ಆಡಿಸುತ್ತವೆ, ಯಾವುದನ್ನು ನುಂಗುತ್ತವೆ ಎಂಬುದೆಲ್ಲ ಆ ಒಂದು ‘ಟಕ್’ನಲ್ಲಿ ಅಡಗಿರುತ್ತದೆ. ಮುಂದೆ ತಂತಿಯ ಕಂಪನವನ್ನು ಲೆಕ್ಕದ ಮೂಲಕ ಇದರೊಳಗಿಂದ ಹಾಯಿಸಿದರೆ ಕಂಪ್ಯೂಟರಿನಲ್ಲಿ ಆ ವಾದ್ಯದ ದನಿ ಬರುತ್ತದೆ. ಪಿಟೀಲು, ಗಿಟಾರುಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ.

ತಂಬೂರಿಗೆ ಇಷ್ಟು ಸಾಲದು. ನನ್ನ ತಂಗಿಯ ಮಗ ಇಂಜಿನಿಯರಿಂಗ್ ಓದುತ್ತಾನೆ. ಹೋದ ಚಳಿಗಾಲದಲ್ಲಿ ಆ ಸುತ್ತಿಗೆ ತಂದು ನನ್ನ ಅಂಗಡಿಯಲ್ಲಿದ್ದ, ಮಹಾರಾಷ್ಟ್ರದ ಮೀರಜಿನಲ್ಲಿ ಕಟ್ಟಿದ ತಂಬೂರಿಯೊಂದನ್ನು ಅಳೆದ. ಬಂದ ದನಿಯಲ್ಲಿ ಬುರುಡೆಯ ಗುಂಗು ಸರಿಯಾಗಿಯೇ ಇತ್ತು, ಜವಾರಿ, ಅಂದರೆ ತಂತಿಯ ಝೇಂಕಾರ, ಮಾತ್ರ ಎಳ್ಳಷ್ಟೂ ಇರಲಿಲ್ಲ. ಕಾರಣ ಕಸುಬಿನವರಿಗೆ ಗೊತ್ತು. ಪಿಟೀಲಿನ ತಂತಿ ಘೋಡಿಯ ಚೂಪು ಅಂಚಿನ ಮೇಲೆ ಕೂಡುತ್ತದೆ. ತಂಬೂರಿಯ ಘೋಡಿ ಅಗಲವಾದದ್ದು, ಮೇಲ್ಮೈ ಕಂಡೂ ಕಾಣದಂತೆ ಬಾಗಿರುತ್ತದೆ. ತಂತಿ ಅಲುಗಿದಂತೆಲ್ಲ ಆ ಬಾಗನ್ನು ಸವರುತ್ತ, ಬಿಡುತ್ತ ಹೋಗುತ್ತದೆ. ತಂತಿಗೂ ಘೋಡಿಗೂ ನಡುವೆ ಸಿಕ್ಕಿಸಿದ ನೂಲು ಕೂದಲೆಳೆಯಷ್ಟು ಸರಿದರೂ ದನಿ ಬೇರೆಯಾಗುತ್ತದೆ. ತಂತಿಯನ್ನು ನಟ್ಟನಡುವೆ ಮೀಟಿದರೆ ಮೂಲ ಸ್ವರದ ಜೊತೆ ಏಳುವ ಮೇಲ್ಸ್ವರಗಳಲ್ಲಿ ಅಲ್ಲಿ ನಿಶ್ಚಲವಾಗಿರುವವು ಕೇಳಬಾರದೆಂದು ಹಳೆಯ ನಿಯಮ. ತಂಬೂರಿಯಲ್ಲಿ ಅವು ಜೋರಾಗಿಯೇ ಕೇಳುತ್ತವೆ. ಸಿ.ವಿ. ರಾಮನ್ 1921ರಲ್ಲೇ ಇದನ್ನು ಬರೆದಿಟ್ಟು, ಕಾರಣ ಈ ಘೋಡಿಯಲ್ಲಿದೆ ಎಂದು ತೋರಿಸಿದರು. ಸುತ್ತಿಗೆಯ ಪೆಟ್ಟಿಗೆ ಈ ಸವರಾಟ ಸಿಕ್ಕುವುದಿಲ್ಲ. ಘೋಡಿಯ ಬಾಗನ್ನು ಸ್ಕ್ಯಾನ್ ಮಾಡಬೇಕು; ತಂತಿಯ ದಪ್ಪ, ಬಿಗಿತ, ನೂಲು ನಿಂತ ಜಾಗ ಎಲ್ಲ ಬರೆದಿಟ್ಟು, ತಂತಿ ಮತ್ತು ಘೋಡಿಯ ಒಡನಾಟವನ್ನೇ ಲೆಕ್ಕದಲ್ಲಿ ಕಟ್ಟಬೇಕು. ಸಿತಾರಿಗೂ ಇದೇ ಮಾತು.

ಇಲ್ಲಿ ನನ್ನ ಕಸುಬಿನ ಬಗ್ಗೆಯೇ ಒಂದು ಎಚ್ಚರಿಕೆ ಹೇಳಬೇಕು. ವರ್ಷಗಟ್ಟಲೆ ನುಡಿಸಿದ ಘೋಡಿಯಲ್ಲಿ ತಂತಿಯ ಗೀರು ಬಿದ್ದಿರುತ್ತದೆ. ಜವಾರಿ ತೆಗೆಯಲು, ಅಂದರೆ ಘೋಡಿಯನ್ನು ಉಜ್ಜಿ ಝೇಂಕಾರ ಸರಿಪಡಿಸಲು, ನಾನು ಅರ ಹಾಕಿದೆನೆಂದರೆ ಹಿಂದಿನವರು ಕೂಡಿಸಿದ್ದ ಬಾಗು ಹೋಯಿತು, ಮತ್ತೆ ಬರುವುದಿಲ್ಲ. ಕೆಲವರಿಗೆ ಝೇಂಕಾರ ಹೆಚ್ಚಿರುವ ಬಿಚ್ಚಿದ ಜವಾರಿ ಬೇಕು, ಕೆಲವರಿಗೆ ಮೆತ್ತಗಿನ ಮುಚ್ಚಿದ್ದು; ಆ ಗಾಯಕರ ಕಿವಿ ಕೇಳಿದ್ದು ಆ ಬಾಗಿನಲ್ಲೇ ಇತ್ತು. ಆದ್ದರಿಂದ ಮೊದಲು ಅಳತೆ, ಆಮೇಲೆ ಅರ. ಜವಾರಿ ತೆಗೆದ ಮೇಲೆ ಇನ್ನೊಮ್ಮೆ ಅಳತೆ. ಅಳೆಯುವವರ ಪಕ್ಕದಲ್ಲಿ ಜವಾರಿ ಬಲ್ಲವನೊಬ್ಬ ಕೂತಿರಲೇಬೇಕು. ಅಂಥವರು ಈಗ ಮೀರಜಿನಲ್ಲೇ ಕಡಿಮೆಯಾಗುತ್ತಿದ್ದಾರೆ, ನಮ್ಮಲ್ಲಂತೂ ಬೆರಳೆಣಿಕೆ.

ಹಳೆಯ ರೆಕಾರ್ಡಿಂಗ್ ಇವೆಯಲ್ಲ ಎನ್ನುವವರಿದ್ದಾರೆ. ಧಾರವಾಡ ಆಕಾಶವಾಣಿ 1950ರಿಂದ ಇದೆ, ಅದರ ಟೇಪುಗಳು ಬಂಗಾರ. ಆದರೆ ಅವುಗಳಲ್ಲಿ ತಂಬೂರಿ ಹಾಡಿನ ಹಿಂದೆ ನಿಂತಿದೆ. ಅದನ್ನಷ್ಟೇ ಶುದ್ಧವಾಗಿ ಬಿಡಿಸಿ ತೆಗೆಯುವುದು ಬಲು ಕಷ್ಟ.

ಐಐಟಿ ಧಾರವಾಡ, ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ವಿಭಾಗ, ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕೂಡಿ ಇದನ್ನು ಕೈಗೆತ್ತಿಕೊಳ್ಳಲಿ ಎಂದು ಕೇಳುತ್ತೇನೆ. ಕಂಪನ ಅಳೆಯುವ ಸುತ್ತಿಗೆ ಅನೇಕ ಇಂಜಿನಿಯರಿಂಗ್ ಕಾಲೇಜುಗಳ ಮೆಕ್ಯಾನಿಕಲ್ ವಿಭಾಗದಲ್ಲಿ ಇರುತ್ತದೆ. ಮನ್ಸೂರರ ಮನೆ ಸ್ಮಾರಕವಾಗಿ ಉಳಿದಿದೆ, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಇಂದಿಗೂ ಪಾಠ ನಡೆಯುತ್ತಿದೆ. ಇಂಥ ಕಡೆಗಳಿಂದಲೇ ಶುರು ಮಾಡಬಹುದು. ನಮ್ಮ ಹೋಳಿಯಲ್ಲಿ ಬಾರಿಸುವ ಚರ್ಮವಾದ್ಯ ಜಗ್ಗಲಗಿಯನ್ನೂ ಪಟ್ಟಿಗೆ ಸೇರಿಸಿರಿ. ಚಕ್ಕಡಿಗೆ ಟೈರು ಬಂದ ಮೇಲೆ ಅದಕ್ಕೆ ಬೇಕಾದ ಕಟ್ಟಿಗೆಯ ಗಾಲಿ ಸಿಗುವುದೂ ಅಪರೂಪವಾಗಿದೆ.

ಮನೆಯಲ್ಲಿ ಹಳೆಯ ತಂಬೂರಿ ಇರುವವರಲ್ಲಿ ಒಂದು ವಿನಂತಿ. ಶೋಕೇಸಿನಲ್ಲಿಡಲು ವಾರ್ನಿಶ್ ಬಳಿಸಿ, ಘೋಡಿ ಕಿತ್ತು ಎಸೆದ ಒಂದು ಒಳ್ಳೆಯ ತಂಬೂರಿಯನ್ನು ಈಚೆಗೆ ನೋಡಿದೆ. ದಯವಿಟ್ಟು ಹಾಗೆ ಮಾಡಬೇಡಿ. ತಂತಿ ಸಡಿಲಿಸಿ, ತೆಗೆಯಬೇಡಿ. ಘೋಡಿ ಅಲುಗಿದ್ದರೆ ಬಟ್ಟೆಯಲ್ಲಿ ಸುತ್ತಿ ವಾದ್ಯದ ಜೊತೆಗೇ ಕಟ್ಟಿಡಿ. ಮಳೆಗಾಲದಲ್ಲಿ ಗೋಡೆಗೆ ಒರಗಿಸದೆ, ಗಾಳಿಯಾಡುವ ಕಡೆ ಇಡಿ.

ತಂಬೂರಿ ರಿಪೇರಿಗಾರ, ಧಾರವಾಡ