ಕೈಮರದ ಗಂಟೆಯೇ ಬೇರೆ, ಮಗುವಿನ ಗಂಟೆಯೇ ಬೇರೆ

ಸ್ವಿಟ್ಸರ್ಲೆಂಡಿನ ಯಾವ ಬೆಟ್ಟದ ನಿಲ್ದಾಣದಲ್ಲಿ ಇಳಿದರೂ ಮೊದಲು ಕಣ್ಣಿಗೆ ಬೀಳುವುದು ಹಳದಿ ಕೈಮರ. ಹೋಗಬೇಕಾದ ಜಾಗದ ಹೆಸರು, ಪಕ್ಕದಲ್ಲಿ ಸಮಯ. ಆ ಸಮಯದಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ಲೆಕ್ಕ ಹಾಕಿರುವುದು ಸಮತಟ್ಟಾದ ದಾರಿಯಲ್ಲಿ ಗಂಟೆಗೆ 4.2 ಕಿ.ಮೀ. ನಡೆಯುವ, ನಡುವೆ ಎಲ್ಲಿಯೂ ಕೂರದ ದೊಡ್ಡವರ ಕಾಲಿಗೆ. ಐದು ವರ್ಷದ ಮಗು ಕೂರುತ್ತದೆ. ಕಲ್ಲು ಹೆಕ್ಕಿ ಅಪ್ಪನ ಜೇಬಿಗೆ ತುಂಬುತ್ತದೆ, ಹತ್ತು ಹೆಜ್ಜೆ ಹೋಗಿ ಅದಕ್ಕಿಂತ ಚೆಂದದ ಕಲ್ಲು ಸಿಕ್ಕಿತೆಂದು ಮತ್ತೆ ಕೂರುತ್ತದೆ.

ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಶಾಲೆಗಳಿಗೆ ರಜೆ ಬಿದ್ದಿರುತ್ತದೆ, ಇಲ್ಲಿ ನೆಲೆಸಿರುವ ಹಲವು ಕನ್ನಡಿಗರ ಮನೆಗಳಿಗೆ ಊರಿನಿಂದ ಅಜ್ಜ ಅಜ್ಜಿಯೂ ಬಂದಿರುತ್ತಾರೆ. ಆಲ್ಪ್ಸ್‌ನಲ್ಲಿ ಕುಟುಂಬದ ನಡಿಗೆ ದಾರಿ ಕಷ್ಟವಾಗಿ ಕೆಡುವುದಕ್ಕಿಂತ ಗಡಿಯಾರ ಕೈಕೊಟ್ಟು ಕೆಡುವುದೇ ಹೆಚ್ಚು. ಹಾಗಾಗಿ ಈ ಸಲದ ಸಂಪಾದಕೀಯ ಗಡಿಯಾರದ ಸುತ್ತ.

ನಕ್ಷೆ ನೋಡಿ ಸಮಯ ಅಂದಾಜು ಮಾಡಲು ಜರ್ಮನಿ, ಆಸ್ಟ್ರಿಯಾದ ಆಲ್ಪೈನ್ ಸಂಘಗಳು ಬಳಸುವ ಲೆಕ್ಕ ಸುಲಭ. ಒಂದು ಗಂಟೆಗೆ ದೂರವಾದರೆ 4 ಕಿ.ಮೀ., ಏರಾದರೆ 300 ಮೀಟರ್, ಇಳಿಜಾರಾದರೆ 500 ಮೀಟರ್. ದೂರದಿಂದ ಒಂದು ಸಮಯ ಬರುತ್ತದೆ, ಎತ್ತರದಿಂದ ಇನ್ನೊಂದು. ದೊಡ್ಡದನ್ನು ಪೂರ್ತಿ ಇಟ್ಟುಕೊಂಡು ಚಿಕ್ಕದರ ಅರ್ಧವನ್ನು ಅದಕ್ಕೆ ಕೂಡಿಸಬೇಕು. ಗ್ರಿಂಡೆಲ್‌ವಾಲ್ಡ್ ಮೇಲಿನ ಫಿರ್ಸ್ಟ್ ನಿಲ್ದಾಣದಿಂದ ಬಾಖಾಲ್ಪ್ ಸರೋವರಕ್ಕೆ ಸುಮಾರು 3 ಕಿ.ಮೀ., ಏರು ಸುಮಾರು 100 ಮೀಟರ್. ದೂರಕ್ಕೆ 45 ನಿಮಿಷ, ಏರಿಗೆ 20 ನಿಮಿಷ. 45ಕ್ಕೆ 10 ಕೂಡಿಸಿದರೆ 55. ದೊಡ್ಡವರಿಗೆ ಇಷ್ಟೇ ಸಾಕು. ಐದು ವರ್ಷದ ಮಗು ತನ್ನ ಕಾಲಲ್ಲೇ ನಡೆಯುವುದಾದರೆ ನಾವು ಇದನ್ನು ಒಂದೂವರೆ ಪಟ್ಟು ಮಾಡಿ, ಗಂಟೆಗೆ ಕಾಲು ಗಂಟೆಯ ವಿರಾಮ ಸೇರಿಸಿ ಎನ್ನುತ್ತೇವೆ. ಆಗ ಹೋಗಲು ಒಂದೂ ಮುಕ್ಕಾಲು ಗಂಟೆ, ನೀರಿನ ದಡದಲ್ಲಿ ಒಂದು ಗಂಟೆ, ಮರಳಲು ಒಂದೂವರೆ. ಹೋಗಿ ಬರಲು ಎರಡು ಗಂಟೆ ಎಂದುಕೊಂಡು ಬೆಳಗ್ಗೆ ಹತ್ತಕ್ಕೆ ಹೊರಟವರು ಮತ್ತೆ ಫಿರ್ಸ್ಟ್ ಮುಟ್ಟುವಾಗ ಮಧ್ಯಾಹ್ನದ ಎರಡು ಗಂಟೆ ದಾಟಿರುತ್ತದೆ. ಹನ್ನೊಂದೂವರೆಗೆ ಹೊರಟಿದ್ದರೆ ಏನಾಗುತ್ತಿತ್ತು ಎಂಬುದನ್ನು ಹವಾಮಾನದ ಮಾತು ಬಂದಾಗ ನೋಡೋಣ.

ಮಗು ಎಷ್ಟು ದೂರ ನಡೆದೀತು ಎಂಬುದಕ್ಕೂ ಒಂದು ಒರಟು ಅಳತೆ ಚಾಲ್ತಿಯಲ್ಲಿದೆ: ವಯಸ್ಸಿನ ಒಂದೂವರೆ ಪಟ್ಟು ಕಿ.ಮೀ. ಏರಿನ ಪ್ರತಿ 100 ಮೀಟರನ್ನು ಒಂದು ಕಿ.ಮೀ. ಎಂದೇ ಎಣಿಸುವುದು ಇಲ್ಲಿನ ರೂಢಿ. ಅಂದರೆ ಐದು ವರ್ಷಕ್ಕೆ ಏಳೂವರೆ. ಬಾಖಾಲ್ಪ್ ಸರೋವರಕ್ಕೆ ಹೋಗಿ ಬರುವ 6 ಕಿ.ಮೀ.ಗೆ ಏರಿನ ಒಂದು ಸೇರಿದರೆ ಏಳು. ದಿನದ ಶಕ್ತಿಯೆಲ್ಲ ಅಲ್ಲಿಗೆ ಮುಗಿಯಿತು, ಸಂಜೆಗೆ ಇನ್ನೊಂದು ಜಲಪಾತ ಸೇರಿಸುವ ಹಾಗಿಲ್ಲ.

ಇನ್ನು ಬಣ್ಣ. ಬರೀ ಹಳದಿ ಗುರುತಿನ ದಾರಿಗೆ ವಿಶೇಷ ತಯಾರಿ ಬೇಡ. ಬಿಳಿ-ಕೆಂಪು-ಬಿಳಿ ಪಟ್ಟೆ ಬಂದರೆ ಅದು ಬೆಟ್ಟದ ದಾರಿ: ಕಡಿದು, ಕಿರಿದು, ಕೆಲವೆಡೆ ಒಂದು ಪಕ್ಕ ಪ್ರಪಾತ. ಬಿಳಿ-ನೀಲಿ-ಬಿಳಿಯಲ್ಲಿ ಕೈ ಊರಿ ಬಂಡೆ ಹತ್ತಬೇಕು, ಜರಿಕಲ್ಲು, ಹಿಮನದಿ ದಾಟಬೇಕು. ಚಿಕ್ಕ ಮಕ್ಕಳೊಡನೆ ಆ ಕಡೆ ತಲೆ ಹಾಕಬೇಡಿ. ತಲೆನೋವು ನಡುವಿನ ಬಣ್ಣದ್ದು. ಸ್ವಿಸ್ ಆಲ್ಪೈನ್ ಕ್ಲಬ್ಬು ದಾರಿಯ ಕಷ್ಟ ಅಳೆಯುವ ಟಿ1ರಿಂದ ಟಿ6ರ ಅಳತೆಯಲ್ಲಿ ಅದು ಟಿ2 ಮತ್ತು ಟಿ3 ಎರಡನ್ನೂ ಒಳಗೊಳ್ಳುತ್ತದೆ. ಟಿ2 ಎಂದರೆ ಎಂಟು ವರ್ಷದವರು ಕುಣಿಯುತ್ತಾ ಹೋಗುವ ದಾರಿ. ಟಿ3ರಲ್ಲಿ ಸರಪಳಿ ಹಿಡಿದು ಸಾಗುವ ತುಣುಕುಗಳಿರಬಹುದು. ಕಲ್ಲಿನ ಮೇಲಿನ ಬಣ್ಣ ಮಾತ್ರ ಎರಡಕ್ಕೂ ಒಂದೇ. ಹೊರಡುವ ಮೊದಲು ಟಿ ಅಂಕಿಯನ್ನೇ ಹುಡುಕಿ ನೋಡಿ. ಅಂದಹಾಗೆ, ಈ ದೇಶ ಕಾಲುದಾರಿಯನ್ನು ಸಂವಿಧಾನಕ್ಕೇ ಸೇರಿಸಿಕೊಂಡಿದೆ. 18 ಫೆಬ್ರವರಿ 1979ರಂದು ಜನರೇ ಮತ ಹಾಕಿ ಸೇರಿಸಿದ್ದು. 65,000 ಕಿ.ಮೀ. ದಾರಿ ಇಷ್ಟು ಅಚ್ಚುಕಟ್ಟಾಗಿ ಉಳಿದಿರುವುದರ ಹಿಂದೆ ಅದೂ ಒಂದು ಕಾರಣ.

ತಳ್ಳುಗಾಡಿಯಲ್ಲಿ ಕೂಸು, ಜೊತೆಗೆ ಮಂಡಿನೋವಿನ ಅಜ್ಜಿ ಇದ್ದರೆ ನಮ್ಮ ಮೊದಲ ಆಯ್ಕೆ ಮ್ಯಾನ್ಲಿಖೆನ್‌ನಿಂದ ಕ್ಲೈನೆ ಶೈಡೆಗ್. ಸುಮಾರು ನಾಲ್ಕೂವರೆ ಕಿ.ಮೀ., ಅಗಲ ದಾರಿ, ಉದ್ದಕ್ಕೂ ಐಗರ್ ಶಿಖರ ಕಣ್ಣೆದುರಿಗೆ. ಇಲ್ಲಿ ದಿಕ್ಕು ತಪ್ಪಬಾರದು. ಮ್ಯಾನ್ಲಿಖೆನ್ ನಿಲ್ದಾಣ 2,225 ಮೀಟರ್ ಎತ್ತರದಲ್ಲಿದೆ, ಶೈಡೆಗ್ 2,061ರಲ್ಲಿ. ಆ ಕಡೆಯಿಂದ ಹೊರಟರೆ ದಾರಿ ಮೆಲ್ಲಗೆ ಇಳಿಯುತ್ತದೆ, ಈ ಕಡೆಯಿಂದ ಹೊರಟರೆ ಗಾಡಿ ತಳ್ಳುತ್ತಾ 160 ಮೀಟರ್ ಏರಬೇಕು. ಕೊನೆಯಲ್ಲಿ ರೈಲೂ ಇದೆ. ಜೂನ್ ಆರಂಭದಲ್ಲಿ ಮಾತ್ರ ನೆರಳಿನ ತಿರುವುಗಳಲ್ಲಿ ಹಿಮ ಉಳಿದಿರುವುದುಂಟು. ಇಳಿಜಾರಿನ ಮೇಲಿನ ಹಳೆಯ ಹಿಮ ಬೆಳಗಿನ ಹೊತ್ತು ಗಾಜಿನಷ್ಟು ಗಟ್ಟಿ. ಜಾರಿದ ಮಗು ತಾನಾಗಿ ನಿಲ್ಲುವುದಿಲ್ಲ, ವೇಗ ಹೆಚ್ಚುತ್ತಲೇ ಹೋಗುತ್ತದೆ. ಕೆಳಗೆ ಕಡಿದು ಕಂಡರೆ ಹತ್ತು ಮೀಟರ್ ಅಗಲದ ಹಿಮವಾದರೂ ದಾಟಬೇಡಿ, ವಾಪಸ್ ಬನ್ನಿ.

ಕಾಂಡರ್‌ಶ್ಟೇಗ್‌ನ ಎಶಿನೆನ್ ಸರೋವರವೂ ಕೇಬಲ್ ಕಾರಿನಿಂದ ಅರ್ಧ ಗಂಟೆಯ ಒಳಗೇ ಸಿಗುತ್ತದೆ. ಆದರೆ ಅದರ ಮೇಲಿನ ಸ್ಪಿಟ್ಸೆ ಶ್ಟೈ ಬೆಟ್ಟ ಕೆಲವು ವರ್ಷಗಳಿಂದ ಜರಿಯುತ್ತಿದ್ದು ಸುತ್ತಲಿನ ಕೆಲವು ದಾರಿಗಳನ್ನು ಮುಚ್ಚಲಾಗಿದೆ. ಇಲ್ಲಿನ ಸರ್ಕಾರಿ ನಕ್ಷೆಯ ಸ್ವಿಸ್‌ಟೋಪೋ ಆ್ಯಪ್‌ನಲ್ಲಿ ಮುಚ್ಚಿದ ದಾರಿಗಳ ಪದರವನ್ನು ಹಾಕಿಕೊಂಡು ನೋಡಿ. ಅಡ್ಡಪಟ್ಟಿಯ ಅಡಿಯಲ್ಲಿ ನುಸುಳಿ ಹೋಗುವವರಿದ್ದಾರೆ. ಅವರು 28 ಮೇ 2025ರಂದು ಬ್ಲಾಟೆನ್ ಗ್ರಾಮಕ್ಕೆ ಏನಾಯಿತೆಂದು ನೆನಪಿಸಿಕೊಳ್ಳಲಿ. ಹಿಮನದಿ ಕುಸಿದು ಊರಿನ ಬಹುಭಾಗ ಹೂತುಹೋಯಿತು. ಜನ ಉಳಿದದ್ದು ಮೊದಲೇ ಜಾಗ ಖಾಲಿ ಮಾಡಿದ್ದರಿಂದ.

ಮತ್ತೆ ಗಡಿಯಾರಕ್ಕೆ ಬರೋಣ. ಬೇಸಿಗೆಯಲ್ಲಿ ಆಲ್ಪ್ಸ್‌ನ ಗುಡುಗುಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಕಟ್ಟುತ್ತದೆ. ಬಾಖಾಲ್ಪ್ ಸರೋವರಕ್ಕೆ ಹನ್ನೊಂದೂವರೆಗೆ ಹೊರಟವರು ಇನ್ನೂ ಬಯಲಲ್ಲಿರುವ ಹೊತ್ತು ಅದು. ಬೆಳಗ್ಗಿನಿಂದ ಕಾದ ಇಳಿಜಾರಿನ ಗಾಳಿ ಮೇಲೇರಿ ಹೂಕೋಸಿನಂಥ ಮೋಡವಾಗುತ್ತದೆ. ಹನ್ನೊಂದು ಗಂಟೆಗೇ ಆ ಹೂಕೋಸು ಅಗಲಕ್ಕಿಂತ ಎತ್ತರವಾಗಿ ಬೆಳೆಯುತ್ತಿದ್ದರೆ ಊಟಕ್ಕೆ ಮೇಲೆ ಕೂರಬೇಡಿ. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿ.ಮೀ. ದೂರದಲ್ಲಿದೆ ಎಂದು ಗೊತ್ತಾಗುತ್ತದೆ. ಹತ್ತು ಸೆಕೆಂಡು ಎಂದರೆ ಆಗಲೇ ತಡವಾಗಿದೆ. ಬೆಟ್ಟದ ಏಣು, ಒಂಟಿ ಮರ, ಕಬ್ಬಿಣದ ಸರಪಳಿ ಬಿಟ್ಟು ದೂರ ಸರಿದು, ಬೆನ್ನಚೀಲದ ಮೇಲೆ ಕಾಲು ಜೋಡಿಸಿ ಕುಕ್ಕರಗಾಲಲ್ಲಿ ಕೂರಬೇಕು. ಒಬ್ಬರಿಗೊಬ್ಬರು ಅಂಟಿಕೊಂಡಿರಬಾರದು. ಇಷ್ಟೆಲ್ಲ ಹೇಳಿದರೂ ಹೆಚ್ಚಿನವರು ಮರೆಯುವ ಸಂಗತಿ ಬೇರೆಯೇ ಇದೆ: ಸಿಡಿಲು, ಬಿರುಗಾಳಿ ಬಂದರೆ ಕೇಬಲ್ ಕಾರ್ ನಿಲ್ಲುತ್ತದೆ. ಅದನ್ನೇ ನಂಬಿ ಬಂದ ಮಂಡಿನೋವಿನ ಅಜ್ಜಿಗೆ ಕೆಳಗಿಳಿಯಲು ಇನ್ನೊಂದು ಉಪಾಯ, ಅಂದರೆ ರೈಲು, ಬಸ್ಸು, ಕೊನೆಗೆ ಸುಲಭದ ಇಳಿದಾರಿಯಾದರೂ ಇರುವ ಜಾಗವನ್ನೇ ಆರಿಸಿಕೊಳ್ಳಿ. ಕೊನೆಯ ಬಂಡಿಯ ಸಮಯವನ್ನು ಹತ್ತುವಾಗಲೇ ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ, ಅದಕ್ಕೆ ಒಂದು ಗಂಟೆ ಮೊದಲೇ ನಿಲ್ದಾಣದಲ್ಲಿರುವಂತೆ ಎಲ್ಲಿದ್ದರೂ ಹಿಂದಿರುಗಿ. ಸರೋವರ ಇನ್ನು ಹತ್ತೇ ನಿಮಿಷ ಇದ್ದರೂ ಸರಿಯೇ.

ಪ್ರತಿ 1,000 ಮೀಟರ್ ಏರಿಗೆ ಸುಮಾರು ಆರೂವರೆ ಡಿಗ್ರಿ ಚಳಿ ಹೆಚ್ಚುತ್ತದೆ. ಇಂಟರ್‌ಲಾಕನ್ನಿನಲ್ಲಿ 25 ಇದ್ದರೆ ಮ್ಯಾನ್ಲಿಖೆನ್ ಮೇಲೆ 14, ಗಾಳಿಯ ಲೆಕ್ಕ ಬೇರೆ. ಇದರ ಏಟು ಮೊದಲು ತಗಲುವುದು ಬೆನ್ನ ಮೇಲೆ ಹೊತ್ತ ಕೂಸಿಗೆ. ಹೊತ್ತವರು ಬೆವರುತ್ತಿರುತ್ತಾರೆ, ಕೂಸು ಅಲುಗಾಡದೆ ಕೂತಿರುತ್ತದೆ, ಜೋತುಬಿದ್ದ ಕಾಲಿಗೆ ಪಟ್ಟಿ ಒತ್ತಿ ರಕ್ತ ಸರಿಯಾಗಿ ಹರಿಯುವುದಿಲ್ಲ. ಪಾದ ಊರಲು ಪಟ್ಟಿ ಇರುವ ಹೊರುಚೀಲವನ್ನೇ ಕೊಳ್ಳಿ, ಅರ್ಧ ಗಂಟೆಗೊಮ್ಮೆ ಇಳಿಸಿ ಪಾದ ಮುಟ್ಟಿ ನೋಡಿ. ಆಸರೆಯಿಲ್ಲದೆ ಕೂರಲು ಬಾರದ ಕೂಸನ್ನು ಅದರಲ್ಲಿ ಕೂರಿಸಬೇಡಿ. ಕೇಬಲ್ ಕಾರಿನಲ್ಲಿ ಕಿವಿ ಕಟ್ಟಿ ಅಳುವ ಕೂಸಿಗೆ ಹಾಲೋ ನೀರೋ ಚೀಪಲು ಕೊಟ್ಟರೆ ಸಾಕು, ನುಂಗಿದಾಗ ಕಿವಿ ಬಿಡುತ್ತದೆ.

ಬೂಟಿನ ವಿಷಯದಲ್ಲಿ ಎರಡು ಬಗೆಯ ಎಡವಟ್ಟು. ದೊಡ್ಡವರದು ಹಳೆಯ ಬೂಟು. ಹತ್ತು ವರ್ಷದ ಹಿಂದೆ ಕೊಂಡದ್ದು, ನಾಲ್ಕೇ ಸಲ ಹಾಕಿದ್ದು, ನೋಡಲು ಹೊಸದು. ಅಟ್ಟೆಯ ನಡುಪದರ ಪಾಲಿಯುರೆಥೇನ್‌ನದಾದರೆ ಕಪಾಟಿನ ತೇವವೇ ಅದನ್ನು ಒಳಗಿಂದ ಮುರಿಯುತ್ತಾ ಬಂದಿರುತ್ತದೆ. ನಡೆಯದೆ ಇಟ್ಟ ಬೂಟಿನಲ್ಲಿ ಇದು ಇನ್ನೂ ಬೇಗ. ಮೇಲೆ ಒಂದು ಗಂಟೆ ನಡೆದ ಮೇಲೆ ಅಟ್ಟೆ ಮೊದಲು ಹಿಮ್ಮಡಿಯಲ್ಲಿ ಬಾಯಿ ಬಿಡುತ್ತದೆ, ಆಮೇಲೆ ಪೂರ್ತಿ ಕಳಚಿ ಬೀಳುತ್ತದೆ. ಹೊರಡುವ ವಾರ ಮೊದಲೇ ಬೂಟನ್ನು ಎರಡೂ ಕೈಯಲ್ಲಿ ಬಲವಾಗಿ ಬಾಗಿಸಿ, ಅಟ್ಟೆಯ ಬದಿಯನ್ನು ಹೆಬ್ಬೆರಳಿಂದ ಒತ್ತಿ. ಬಿರುಕು ಕಂಡರೆ, ಪುಡಿ ಉದುರಿದರೆ ಅದನ್ನು ಬಿಸಾಡಿ. ದಾರಿಯಲ್ಲೇ ಕಳಚಿದರೆ ಅಂಟುಪಟ್ಟಿಯನ್ನು ಬೂಟಿನ ಸುತ್ತ ಅಡ್ಡಡ್ಡ ಸುತ್ತಿಕೊಂಡು ಇಳಿಯಬಹುದು. ಅದಕ್ಕೆಂದೇ ನೀರಿನ ಬಾಟಲಿಗೆ ಎರಡು ಮೀಟರ್ ಪಟ್ಟಿ ಸುತ್ತಿಟ್ಟಿರಿ.

ಮಕ್ಕಳದು ಅಳತೆಯ ಎಡವಟ್ಟು. ಮುಂದಿನ ವರ್ಷಕ್ಕೂ ಬರಲಿ ಎಂದು ದೊಡ್ಡ ಬೂಟು ಕೊಂಡರೆ ಪಾದ ಒಳಗೆ ಜಾರಿ, ಇಳಿಯುವಾಗ ಉಗುರು ಮುಂದಕ್ಕೆ ಗುದ್ದುತ್ತದೆ. ಒಳಹಾಸನ್ನು ಹೊರತೆಗೆದು ಮಗುವನ್ನು ಅದರ ಮೇಲೆ ನಿಲ್ಲಿಸಿ. ಬೆರಳಿನ ಮುಂದೆ 12 ಮಿಲಿಮೀಟರ್ ಉಳಿದರೆ ಸರಿ. ಇಳಿಯಲು ಶುರು ಮಾಡುವ ಮುನ್ನ ಲೇಸು ಬಿಚ್ಚಿ, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿಸಿ ಪಾದ ಹಿಂದಕ್ಕೆ ಕೂರುವಂತೆ ಮಾಡಿ, ಬೆರಳಿನ ಕಡೆ ಸಡಿಲ ಬಿಟ್ಟು ಕಣಕಾಲಿನ ಮಡಿಕೆಯಲ್ಲಿ ಬಿಗಿಯಾಗಿ ಕಟ್ಟಿ. ಮಗು ಹಿಮ್ಮಡಿ ಉರಿ ಎಂದ ಕ್ಷಣವೇ ನಿಂತು ನೋಡಿ. ಕೆಂಪಗಿರುವಾಗಲೇ ಪಟ್ಟಿ ಅಂಟಿಸಿದರೆ ಬೊಬ್ಬೆ ಏಳುವುದಿಲ್ಲ. ಕಾಲುಚೀಲ ಹತ್ತಿಯದು ಬೇಡ, ಬೆವರು ಹೀರಿ ಒದ್ದೆಯಾಗಿಯೇ ಉಳಿದು ಚರ್ಮ ಉಜ್ಜುತ್ತದೆ. ಉಣ್ಣೆಯದಿರಲಿ.

ಇನ್ನೊಂದು ಉಣ್ಣೆಯೂ ಇಲ್ಲಿದೆ, ನಮ್ಮ ಮಲೆನಾಡಿನವರು ಉಣುಗು ಎನ್ನುವ, ರಕ್ತ ಹೀರುವ ಹುಳ. ಅದು ಹರಡುವ ಮೆದುಳಿನ ಉರಿಯೂತದ ವೈರಸ್, ಮಂಗನ ಕಾಯಿಲೆಯ ವೈರಸ್ಸಿನ ದಾಯಾದಿ. ಅದಕ್ಕೆ ಲಸಿಕೆ ಇದೆ, ಅದೇ ಉಣುಗು ತರುವ ಲೈಮ್ ರೋಗಕ್ಕೆ ಆ ಲಸಿಕೆ ಉಪಯೋಗಕ್ಕೆ ಬಾರದು. ಸಂಜೆ ಮಂಡಿಯ ಹಿಂದೆ, ತೊಡೆಸಂದು, ಕಂಕುಳು, ಕೂದಲಂಚು ಹುಡುಕಿ. ಕಂಡರೆ ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರ ಎಳೆಯಿರಿ, ಎಣ್ಣೆ ಗಿಣ್ಣೆ ಹಚ್ಚಬೇಡಿ.

ಹುಲ್ಲುಗಾವಲಲ್ಲಿ ಕರುವಿನ ಜೊತೆ ನಿಂತ ಹಸುವಿನ ಮೈ ಸವರುವ ಆಸೆಯೂ ಬೇಡ. ಇಲ್ಲಿ ತಾಯಿಹಸುಗಳು ಮನುಷ್ಯರ ಸಲಿಗೆಯಿಲ್ಲದೆ ಬೆಳೆದಿರುತ್ತವೆ. ಮಗುವನ್ನು ಕೈಹಿಡಿದು, ಓಡದೆ, ಕನಿಷ್ಠ 20 ಮೀಟರ್ ಬಳಸಿ ಹೋಗಿ.

ಖರ್ಚಿನ ಮಾತು ಚುಟುಕಾಗಿ. ಆರು ವರ್ಷದೊಳಗಿನವರಿಗೆ ರೈಲು ಉಚಿತ, 16 ತುಂಬುವವರೆಗೆ ವರ್ಷಕ್ಕೆ 30 ಫ್ರಾಂಕಿನ ಜೂನಿಯರ್ ಕಾರ್ಡ್ ಇದ್ದರೆ ಅಪ್ಪ ಅಮ್ಮನ ಜೊತೆ ಉಚಿತ. ಬೆಟ್ಟದ ಎಲ್ಲ ಮಾರ್ಗಗಳೂ ಇದನ್ನು ಒಪ್ಪುವುದಿಲ್ಲ, ಕೇಳಿ ಹತ್ತಿ. ವಾರಕ್ಕೆ 8 ಗಂಟೆಗಿಂತ ಕಡಿಮೆಯಿಲ್ಲದೆ ಒಂದೇ ಕಡೆ ದುಡಿಯುವವರಿಗೆ ಬೆಟ್ಟದ ಅಪಘಾತವೂ ಕೆಲಸದ ವಿಮೆಯಲ್ಲೇ ಬರುತ್ತದೆ. ಮಕ್ಕಳು, ಮನೆಯಲ್ಲಿರುವ ಸಂಗಾತಿ ಮೂಲ ಆರೋಗ್ಯ ವಿಮೆಯಲ್ಲಿರುತ್ತಾರೆ. ಅದು ರಕ್ಷಣಾ ವೆಚ್ಚದ ಅರ್ಧವನ್ನು, ಅದೂ ವರ್ಷಕ್ಕೆ 5,000 ಫ್ರಾಂಕ್‌ವರೆಗೆ ಮಾತ್ರ ಕೊಡುತ್ತದೆ. ಬಂದಿರುವ ಅಜ್ಜ ಅಜ್ಜಿಯ ಪ್ರವಾಸ ವಿಮೆಯಲ್ಲಿ ಹೆಲಿಕಾಪ್ಟರ್ ಎಂಬ ಪದ ಇದೆಯೇ ಎಂದು ಹೊರಡುವ ಮೊದಲೇ ಓದಿಕೊಳ್ಳಿ. 3,454 ಮೀಟರಿನ ಯುಂಗ್‌ಫ್ರೌಯೋಖ್‌ಗೆ ಅವರನ್ನು ಕರೆದೊಯ್ಯುವವರಂತೂ ಹೃದ್ರೋಗವಿದ್ದರೆ ವೈದ್ಯರನ್ನು ಕೇಳದೆ ಹೋಗಬಾರದು. ಮೇಲೆ ತಲೆನೋವು, ವಾಕರಿಕೆ ಶುರುವಾದರೆ ಕೆಳಗಿಳಿಯುವುದೇ ಔಷಧಿ.

ಹೆಲಿಕಾಪ್ಟರ್ ರಕ್ಷಣೆಗೆ ರೇಗಾ ಸಂಸ್ಥೆಯ 1414, ಆಂಬುಲೆನ್ಸಿಗೆ 144, ಯೂರೋಪಿನ ಎಲ್ಲೆಡೆ 112. ನೆಟ್‌ವರ್ಕ್ ಸಿಗದಿದ್ದರೆ ನಿಮಿಷಕ್ಕೆ ಆರು ಸಲ ಸೀಟಿ ಊದಿ ಅಥವಾ ಟಾರ್ಚ್ ಬೆಳಗಿ, ಒಂದು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. ನಿಮಿಷಕ್ಕೆ ಮೂರು ಸಲ ಮರುದನಿ ಬಂದರೆ ಯಾರೋ ಕೇಳಿಸಿಕೊಂಡಿದ್ದಾರೆ. ಮಕ್ಕಳಿಗೆ ಇದರ ಜೊತೆಗೆ ಇನ್ನೊಂದನ್ನೂ ಹೇಳಿಕೊಡಿ. ಎರಡೂ ಕೈ ಮೇಲೆತ್ತಿ ನಿಂತರೆ ಹೆಲಿಕಾಪ್ಟರಿನವರ ಭಾಷೆಯಲ್ಲಿ ಸಹಾಯ ಬೇಕು ಎಂದರ್ಥ. ಒಂದು ಕೈ ಮೇಲೆ, ಒಂದು ಕೈ ಕೆಳಗೆ ಎಂದರೆ ಬೇಡ. ತಲೆಯ ಮೇಲೆ ಸದ್ದು ಕೇಳಿದ ಕೂಡಲೇ ಖುಷಿಯಿಂದ ಎರಡೂ ಕೈ ಎತ್ತಿ ಕುಣಿಯುವುದು ನಮ್ಮ ಮಕ್ಕಳಿಗೆ ಬಲು ಇಷ್ಟ.